ಮೂರು ಇಂಚು ಕೆಳಗೆ

ಬಾಗಲಕೋಟೆಯ ನವನಗರದಿಂದ ಮುಧೋಳ ಕಡೆ ರಾತ್ರಿ ಕಾರು ಓಡಿಸಿದವರಿಗೆ ನನ್ನ ಸಿಟ್ಟು ಬಿಡಿಸಿ ಹೇಳಬೇಕಿಲ್ಲ. ಎದುರಿಗೆ ಬಂದವರೆಲ್ಲ ಡಿಪ್ಪರ್ ಹೊಡೆಯುತ್ತಿದ್ದರು. ಟೆಂಪೋದವನು ಹೊಡೆದ, ಬಸ್ಸಿನವನು ಹೊಡೆದ, ಅದೂ ಸರಿ. ಕೊನೆಗೊಬ್ಬ, ಬಂಪರ್ ಮೇಲೆ ಉದ್ದನೆಯ ಬಿಳಿ ಎಲ್‌ಇಡಿ ಪಟ್ಟಿ ಹಚ್ಚಿಕೊಂಡವನು, ಕಣ್ಣೊಳಗೇ ವೆಲ್ಡಿಂಗ್ ಹಿಡಿದಂತೆ ಬಂದು, ತಾನೇ ನನಗೆ ಡಿಪ್ಪರ್ ಹೊಡೆದು, ಕಿಟಕಿಯಿಂದ ಕೈ ಹೊರಹಾಕಿ ಬೈದು ಹೋದ. ಬೈಗುಳ ಪೂರ್ತಿ ಕೇಳಿಸಲಿಲ್ಲ. ಅರ್ಥ ಆಯಿತು.

ಕಾರು ಮುಂದಿನ ಬಂಪರ್ ಕೆಲಸಕ್ಕೆ ಗ್ಯಾರೇಜಿಗೆ ಹೋಗಿತ್ತು. ತಿರುಗಿ ಬಂದಾಗಿನಿಂದ ಬಲಗಡೆಯ ದೀಪ ಬೇವಿನ ಗಿಡದಲ್ಲಿನ ಕಾಗೆ ಗೂಡು ತೋರಿಸುತ್ತಿತ್ತು. ಎಡಗಡೆಯದು ಗಟಾರ ತೋರಿಸುತ್ತಿತ್ತು. ನಡುವೆ ಇರುವ ರಸ್ತೆಗೆ ಯಾರೂ ಜವಾಬ್ದಾರರಲ್ಲ. ಕೇಳಿದರೆ ಗ್ಯಾರೇಜಿನವನು, "ಸೆಟ್ಟಿಂಗ್ ಮಾಡೀನ್ರಿ ಸರ, ಏನೂ ಚಿಂತಿ ಮಾಡಬ್ಯಾಡ್ರಿ" ಅಂದ. ಅವನ ಸೆಟ್ಟಿಂಗ್ ನಾನು ಕಣ್ಣಾರೆ ನೋಡಿದ್ದೆ. ಶಟರ್ ಮುಂದೆ ನಾಲ್ಕು ಅಡಿ ದೂರದಲ್ಲಿ ಗಾಡಿ ನಿಲ್ಲಿಸಿ, ಲೈಟು ಹಾಕಿ, ಒಂದು ಕಣ್ಣು ಮುಚ್ಚಿ "ಓಕೆ" ಅನ್ನುತ್ತಾನೆ. ಅಷ್ಟು ಹತ್ತಿರದಲ್ಲಿ ಎಲ್ಲ ದೀಪವೂ ಓಕೆನೇ. ನಾಲ್ಕು ಅಡಿಯಲ್ಲಿ ಒಂದೇ ಇಂಚು ಮೇಲೆದ್ದ ಬೆಳಕು ನೂರು ಅಡಿ ಹೋಗುವಷ್ಟರಲ್ಲಿ ಎರಡು ಅಡಿ ಮೇಲಕ್ಕೆ ಹೋಗಿರುತ್ತದೆ. ಅಲ್ಲಿ ಎದುರಿನವನ ಕಣ್ಣು ಇರುತ್ತದೆ, ಅಲ್ವಾ?

ಮನೆಯಲ್ಲೇ ಮಾಡಿದರಾಯಿತು ಅಂದುಕೊಂಡೆ. ಬೇಕಾಗುವುದು ಇಷ್ಟೇ: ಸಪಾಟಾದ ನೆಲ, ಎದುರಿಗೊಂದು ಗೋಡೆ, ಒಂದು ಸ್ಟಾರ್ ಸ್ಕ್ರೂಡ್ರೈವರ್. ಬಾನೆಟ್ ಎತ್ತಿದರೆ ದೀಪದ ಹಿಂದೆ ಎರಡು ಸ್ಕ್ರೂ ಇರುತ್ತವೆ. ಒಂದು ಬೆಳಕನ್ನು ಮೇಲೆ ಕೆಳಗೆ ಸರಿಸುತ್ತದೆ, ಇನ್ನೊಂದು ಆ ಕಡೆ ಈ ಕಡೆ. ಅರ್ಧ ತಾಸಿನ ಕೆಲಸ. ಪಕ್ಕದ ಮನೆಯ ಲೆವೆಲ್ ಕಾಕಾ ವಾಕಿಂಗ್ ಮುಗಿಸಿ ಬಾರದೇ ಇದ್ದಿದ್ದರೆ ಅರ್ಧ ತಾಸಿನಲ್ಲೇ ಮುಗಿಯುತ್ತಿತ್ತು.

ಕಾಕಾ ನಿವೃತ್ತ ಸರ್ವೇಯರ್. ಆಲಮಟ್ಟಿ ಹಿನ್ನೀರಿನ ಮುಳುಗಡೆ ಸರ್ವೇದಲ್ಲಿ ಸವೆದ ಮನುಷ್ಯ. ಜಲಾಶಯದ ಮಟ್ಟ 519.60 ಮೀಟರ್, ಅದನ್ನು 524.256ಕ್ಕೆ ಏರಿಸುವ ಮಾತು. ಈ ಎರಡು ಅಂಕಿ ನಮ್ಮ ಜಿಲ್ಲೆಯಲ್ಲಿ ಶಾಲೆ ಹುಡುಗರಿಗೂ ಬಾಯಿಪಾಠ. ಆದರೆ ಕಾಕಾ ಆ ಕೊನೆಯ ಮೂರು ದಶಾಂಶವನ್ನು ಮನೆಯೊಳಗೂ ಬಿಟ್ಟಿಲ್ಲ. ಅವರ ಮನೆಯ ಕ್ಯಾಲೆಂಡರ್ ಅರ್ಧ ನೂಲು ವಾಲಿದರೆ ಊಟ ಸೇರುವುದಿಲ್ಲ. ಮದುವೆ ಪೆಂಡಾಲಿನಲ್ಲಿ ಅಕ್ಷತೆ ಹಾಕುವ ಮುಂಚೆ ಕಂಬ ನೆಟ್ಟಗಿದೆಯಾ ಅಂತ ಕಣ್ಣಳತೆ ಮಾಡುತ್ತಾರೆ. ವಧೂವರರು ಕಾಯಬೇಕು.

"ಈ ರೋಡ್ ಲೆವೆಲ್ ಇಲ್ಲ ತಮ್ಮಾ" ಅಂದರು ಮೊದಲಿಗೆ. ರಸ್ತೆ ಗಟಾರದ ಕಡೆ ಇಳಿಜಾರಿದೆ, ಅದು ಇರುವುದೇ ಹಾಗೆ. ಇಲ್ಲದಿದ್ದರೆ ಮಳೆ ನೀರು ಎಲ್ಲಿ ಹೋಗಬೇಕು? ಕಾಕಾ ಕೇಳಲಿಲ್ಲ. ಮನೆಯಿಂದ ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪು ತಂದರು. ಕಾರನ್ನು ಮುಂದೆ, ಹಿಂದೆ, ಮತ್ತೆ ಮುಂದೆ ಮಾಡಿಸಿ, ಒಂದು ಗಾಲಿಯ ಕೆಳಗೆ ಹಲಗೆ ಕೊಟ್ಟರು. ಟೈರಿನ ಗಾಳಿ ನೋಡಿಸಿದರು. ಡ್ಯಾಶ್‌ಬೋರ್ಡಿನಲ್ಲಿ ದೀಪದ ಎತ್ತರದ ಗುಂಡಿ ಸೊನ್ನೆಗೆ ಇಡಿಸಿದರು. ಸ್ಪ್ರಿಂಗು ತನ್ನ ಜಾಗಕ್ಕೆ ಕೂರಲಿ ಅಂತ ಬಾನೆಟ್ ಮೂಲೆ ಒತ್ತಿ ಕುಣಿಸಿದರು. ಇದೆಲ್ಲ ಸರಿಯೇ, ಪುಸ್ತಕದಲ್ಲೂ ಹಾಗೇ ಇದೆ. ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ.

ಆಮೇಲೆ ಕಾಕಾ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿದರು. "ತಂಗೀ, ನಿನ್ನ ತೂಕ ಎಷ್ಟವಾ?"

ಅಷ್ಟರಲ್ಲಿ ಓಣಿಯವರು ಅರ್ಧ ಸೇರಿದ್ದರು. ಹೆಂಡತಿ ಏನೂ ಮಾತಾಡಲಿಲ್ಲ. ಒಳಗೆ ಹೋದಳು. ಚಿಲಕ ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು.

"ನಾ ಲೋಡ್ ಕೇಳ್ದ್ಯಾ, ತಪ್ಪ್ಯಾಕ ತಿಳಕೊಂಡ್ಳು?" ಅಂದರು ಕಾಕಾ. ಡ್ರೈವರ್ ಸೀಟಿನಲ್ಲಿ ಒಬ್ಬರ ಭಾರ ಇರಬೇಕು, ಸುಮಾರು 75 ಕೆಜಿ. ನಾನು ಸ್ಕ್ರೂ ಹತ್ತಿರ, ಕಾಕಾ ಗೋಡೆ ಹತ್ತಿರ. ಕೊನೆಗೆ ಅಡುಗೆಮನೆಯಿಂದ ರೊಟ್ಟಿಗೆ ಇಟ್ಟಿದ್ದ ಜೋಳದ ಚೀಲ ಬಂತು, ಅದರ ಮೇಲೆ ಅರ್ಧ ಚೀಲ ಕಡಲೆ. ಜಾರಬಾರದು ಅಂತ ಕಾಕಾ ಬೆಲ್ಟ್ ಹಾಕಿದರು. ಆ ಚೀಲಕ್ಕೆ ಸಿಕ್ಕಷ್ಟು ಮರ್ಯಾದೆ ನನಗೆ ಆ ಸೀಟಿನಲ್ಲಿ ಯಾವತ್ತೂ ಸಿಕ್ಕಿಲ್ಲ.

ಎದುರಿನ ಗೋಡೆ ಎದುರು ಮನೆಯ ಅಜ್ಜಿಯದು. ದೀಪಾವಳಿಗೆ ಬಣ್ಣ ಹೊಡೆಸಿದ ಕಾಂಪೌಂಡು. ಲೆಕ್ಕ ಸರಳ: ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಗೆರೆ. ಲೋ ಬೀಮಿನ, ಅಂದರೆ ತಗ್ಗಿಸಿದ ಬೆಳಕಿನ, ಮೇಲಂಚು ದೂರದ ನೂರಕ್ಕೊಂದರಷ್ಟು ಅದಕ್ಕಿಂತ ಕೆಳಗೆ ಬೀಳಬೇಕು. ಗೋಡೆ 25 ಅಡಿ ದೂರ, ಅಂದರೆ 300 ಇಂಚು. ಹಾಗಾಗಿ ಮೂರು ಇಂಚು ಕೆಳಗೆ ಇನ್ನೊಂದು ಗೆರೆ. ನಾನು ಸೀಮೆಸುಣ್ಣ ತಂದಿದ್ದೆ. "ಸುಣ್ಣದ ಗೆರಿ ದಪ್ಪ ಆಕ್ಕೈತಿ, ಅಳತಿ ತಪ್ಪತೈತಿ" ಅಂತ ಕಾಕಾ ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪು ಹಚ್ಚಿದರು. ಅಡ್ಡ ಎರಡು, ಉದ್ದ ಎರಡು. ಮೂಲೆಯಲ್ಲಿ ಅಂಕಿ ಬರೆದರು.

ಆಗ ಅಜ್ಜಿ ಹೊರಗೆ ಬಂದರು. ಕಾಕಾರ ಕೈಯಲ್ಲಿ ಟೇಪು, ಕಿವಿಯಲ್ಲಿ ಪೆನ್ಸಿಲ್ಲು, ತಮ್ಮ ಗೋಡೆ ಮೇಲೆ ನಂಬರು. ನೋಡಿದವರೇ ಎದೆ ಹಿಡಿದುಕೊಂಡರು.

"ಮತ್ತ ಅಳಿಯಾಕ ಬಂದ್ರೇನೋ ಯಪ್ಪಾ? ಇಲ್ಲೀತನಾನೂ ನೀರು ಬರತೈತೇನು?"

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯಲ್ಲಿ ಮನೆ ಕಳಕೊಂಡು ನವನಗರಕ್ಕೆ ಬಂದವರು ಅಜ್ಜಿ. ಗೋಡೆ ಮೇಲೆ ನಂಬರು ಬಿದ್ದರೆ ಮುಂದೇನಾಗುತ್ತದೆ ಅಂತ ಅವರಿಗೆ ಗೊತ್ತು. ಇದು ಬರೀ ಲೈಟಿನ ಅಳತೆ ಅಂತ ನಾನು ಹೇಳುವಷ್ಟರಲ್ಲಿ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕಾಕಾರ ಮುಖ ನೋಡಿದರು. "ಇಂವನ! ನಮ್ಮ ಹಳೇ ಮನಿ ಅಳದಾಂವ ಇಂವನ! ಹಿತ್ತಲದಾಗಿನ ನುಗ್ಗಿಗಿಡ ಬರೀಲಾರದ ಹ್ವಾದಾಂವ!"

ಓಣಿ ಪೂರ್ತಿ ಸುಮ್ಮನಾಯಿತು. ಬ್ಯಾಟರಿ ಇಳಿಯಬಾರದು ಅಂತ ಎಂಜಿನ್ ಚಾಲೂ ಇತ್ತು. ಒಂದು ದೀಪಕ್ಕೆ ಹಳೇ ಟವೆಲ್ ಹೊದಿಸಿತ್ತು, ಇನ್ನೊಂದು ದೀಪದ ಬೆಳಕಿನಲ್ಲಿ ಇಬ್ಬರೂ ನಿಂತಿದ್ದರು, ಕೋರ್ಟಿನ ಕಟಕಟೆಯಲ್ಲಿ ವಾದಿ ಪ್ರತಿವಾದಿ. ನುಗ್ಗಿಗಿಡ ಬರೆದಿದ್ದೆ ಅಂತ ಕಾಕಾ. ಬರೆದಿದ್ದರೆ ದುಡ್ಡೆಲ್ಲಿ ಅಂತ ಅಜ್ಜಿ. ಗಿಡದ ಸುತ್ತಳತೆ ಎಷ್ಟಿತ್ತು ಅಂತ ಕಾಕಾ. ನನ್ನ ಸೊಂಟದಷ್ಟು ಅಂತ ಅಜ್ಜಿ. ಆವಾಗಿನ ಸೊಂಟವೋ ಈಗಿನದೋ ಅಂತ ಕಾಕಾ ಕೇಳಬಾರದಿತ್ತು. ಕೇಳಿದರು. ಇಂಜಿನ್ ಅರ್ಧ ತಾಸು ಸುಮ್ನೆ ಓಡಿತು. ಪೆಟ್ರೋಲ್ ನನ್ನದು.

ಬೈದು ದಣಿದ ಮೇಲೆ ಅಜ್ಜಿ ಕಟ್ಟೆ ಮೇಲೆ ಕೂತರು. ಗೋಡೆ ಮೇಲಿನ ಬೆಳಕು ನೋಡುತ್ತಾ ಬೇರೆಯದೇ ಮಾತು ತೆಗೆದರು. ಹಳೇ ಮನೆ ರಸ್ತೆ ತಿರುವಿನಲ್ಲಿತ್ತಂತೆ. ರಾತ್ರಿ ಕೊನೇ ಬಸ್ಸು ತಿರುಗುವಾಗ ಅದರ ಹಳದಿ ಲೈಟು ಪಡಸಾಲೆ ಗೋಡೆ ಮೇಲೆ ಹಾದುಹೋಗುತ್ತಿತ್ತಂತೆ. "ಆ ಬೆಳಕ ಬಿತ್ತಂದ್ರ ನಮ್ಮನಿಯವ್ರು ಬಂದ್ರು ಅಂತ ಚಾಕ್ಕ ಇಡತಿದ್ದೆ." ಆಗಿನ ಲೈಟುಗಳ ಮೇಲಿನ ಅರ್ಧಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು, ನನಗೂ ನೆನಪಿದೆ. ಎದುರಿನವನ ಕಣ್ಣಿಗೆ ಕುಕ್ಕಬಾರದು ಅಂತ. ಈಗ ಅದರ ಬದಲು ಹ್ಯಾಲೊಜನ್ ಬಲ್ಬ್ ಕಿತ್ತು, ಅದೇ ಬಟ್ಟಲಿನಲ್ಲಿ ಎಲ್‌ಇಡಿ ಚುಚ್ಚುತ್ತಾರೆ. ಆ ಬಟ್ಟಲು ಮಾಡಿದ್ದು ಹಳೇ ಬಲ್ಬಿನೊಳಗಿನ ತಂತಿಯ ಜಾಗ ನೋಡಿ. ಬೆಳಕು ಹುಟ್ಟುವ ಜಾಗ ತಪ್ಪಿದರೆ ದಿಕ್ಕೆಟ್ಟು ಚೆಲ್ಲುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಕುಕ್ಕಬಾರದು ಅಂತ ಸ್ಪಷ್ಟವಾಗಿದೆ. ನಿಯಮ ಬರೆದವರು ಬಹುಶಃ ಹಗಲು ಪ್ರಯಾಣ ಮಾಡುತ್ತಿದ್ದರು.

ಸ್ಕ್ರೂ ತಿರುಗಿಸುವ ಅಸಲಿ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಬೆಳಕಿನ ಅಂಚು ಬಲಗಡೆ ಸಪಾಟಾಗಿ ನಿಂತಿತು, ಎಡಗಡೆ ಸ್ವಲ್ಪ ಮೇಲಕ್ಕೆ ಏರಿತು. ಅದು ಹಾಗೇ ಇರಬೇಕು. ನಾವು ಎಡಕ್ಕೆ ಓಡಿಸುವವರು, ಎಡಬದಿಯ ಮನುಷ್ಯರು ದನಗಳು ಕಾಣಬೇಕು, ಬಲಕ್ಕೆ ಬರುವವನಿಗೆ ಕುಕ್ಕಬಾರದು. ಕಾಕಾ ಗೋಡೆ ಹತ್ತಿರ ಕೂತು "ಒಂದ್ ನೂಲ ಕೆಳಗ, ಅರ್ಧ ನೂಲ ಮ್ಯಾಲ" ಅನ್ನುತ್ತಲೇ ಇದ್ದರು. ನಾನು ಬಾನೆಟ್ ಹಾಕಿಬಿಟ್ಟೆ.

ಮರುದಿನ ರಾತ್ರಿ ಮುಧೋಳ ರಸ್ತೆಗೆ ಹೋದೆ. ಒಬ್ಬನೂ ಡಿಪ್ಪರ್ ಹೊಡೆಯಲಿಲ್ಲ. ನನಗೂ ಏನೂ ಕಾಣಲಿಲ್ಲ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೇಲರು, ಹಾಡು ಜೋರು, ಮುಂದೆ ದಸರಾ ದೀಪಾಲಂಕಾರ, ಹಿಂದೆ ಒಂದೂ ಕೆಂಪು ಲೈಟಿಲ್ಲ. ಅದನ್ನು ದಾಟಿದರೆ ಎಲ್‌ಇಡಿ ಪಟ್ಟಿಯವರು. ನನ್ನ ದೀಪ ಮೂರು ಇಂಚು ತಲೆತಗ್ಗಿಸಿಕೊಂಡು ಹೋಗುತ್ತಿತ್ತು.

ಗೋಡೆಯ ವಿಷಯ ಇನ್ನೂ ಮುಗಿದಿಲ್ಲ. ಟೇಪು ಕೀಳುವಾಗ ದೀಪಾವಳಿ ಬಣ್ಣವೂ ಜೊತೆಗೇ ಬಂತು. ಕಾಕಾ ತಕ್ಷಣ ಅಳತೆ ಟೇಪು ಹಿಡಿದು ಅಳೆದು, ಚೀಟಿ ಬರೆದು ಕೊಟ್ಟರು: ಒಂದೂಕಾಲು ಚದರ ಅಡಿ. ಅಜ್ಜಿ ಹೇಳುವ ಪ್ರಕಾರ ಇಡೀ ಕಾಂಪೌಂಡಿಗೆ ಬಣ್ಣ ಆಗಬೇಕು, ಪರಿಹಾರದಲ್ಲಿ ನುಗ್ಗಿಗಿಡವೂ ಸೇರಬೇಕು. ಕಾಕಾರ ಅಳತೆ ಅವರಿಗೆ ಒಪ್ಪಿಗೆ ಇಲ್ಲ.