ಸತ್ಯಾಂಶ: ಬ್ಲೀಚಿಂಗ್ ಪೌಡರ್, ಆಸಿಡ್ ಬೆರೆಸಿದರೆ ಕೆಂಪು ಕಲೆ ಹೋಗುವುದೇ?

‘ಕಮೋಡ್‌ನ ಕೆಂಪು ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಿ, ಮೇಲೆ ಟಾಯ್ಲೆಟ್ ಕ್ಲೀನರ್ ಸುರಿಯಿರಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಹೀಗೆ ಮಾಡಬೇಡಿ.

ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಬ್ಲೀಚಿಂಗ್ ಪೌಡರಿಗೆ ತಗುಲಿದರೆ ಏಳುವುದು ಕ್ಲೋರಿನ್ ಎಂಬ ವಿಷಾನಿಲ. ಗಾಳಿಗಿಂತ ಭಾರವಾದ್ದರಿಂದ ಅದು ಕೆಳಗೇ ನಿಲ್ಲುತ್ತದೆ, ಅಂದರೆ ಬಗ್ಗಿ ಉಜ್ಜುವವರ ಮುಖದ ಮಟ್ಟದಲ್ಲೇ. ಕೊಡಗಿನ ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅಪಾಯ ಇನ್ನೂ ಹೆಚ್ಚು.

ಇಷ್ಟಾದರೂ ಬ್ಲೀಚ್‌ನಿಂದ ಕಲೆ ಹೋಗುವುದಿಲ್ಲ. ಬೋರ್‌ವೆಲ್ ನೀರಿನ ಕೆಂಪು ಕಲೆ ಕಬ್ಬಿಣದ ತುಕ್ಕು. ಬ್ಲೀಚ್ ಅದನ್ನು ಕರಗಿಸದು, ನೀರಿನಲ್ಲಿರುವ ಕಬ್ಬಿಣವನ್ನೂ ತುಕ್ಕಾಗಿಸಿ ಕೂರಿಸುತ್ತದೆ.

ಬೇಕಿರುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಅರ್ಧ ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಕರಗಿಸಿ, ಹಳೇ ಬಟ್ಟೆ ಅದ್ದಿ ಕಲೆಯ ಮೇಲೆ ಒಂದು ಗಂಟೆ ಹೊದಿಸಿ. ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾದೀತು. ಇದೂ ಆಮ್ಲವೇ, ಆದ್ದರಿಂದ ಬ್ಲೀಚ್ ಬಳಸಿದ ದಿನ ಬೇಡ. ಕ್ರೋಮ್ ನಲ್ಲಿಗಳಿಗೆ ಐದು ನಿಮಿಷ ಸಾಕು, ಕೂಡಲೇ ತೊಳೆದು ಒರೆಸಿ. ಕಡಪ ಕಲ್ಲು, ಅಮೃತಶಿಲೆಗೆ ಮುಟ್ಟಿಸಲೇಬೇಡಿ, ಹೊಳಪು ಹೋಗುತ್ತದೆ.

ಈಗಾಗಲೇ ಬೆರೆಸಿಬಿಟ್ಟಿದ್ದರೆ ನೀರು ಸುರಿಯಲು ನಿಲ್ಲದೆ ಹೊರಬನ್ನಿ. ಕೆಮ್ಮು, ಎದೆ ಬಿಗಿತ, ಉಸಿರಾಟದ ತೊಂದರೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.