ರೀಲು ನುಂಗಿತ್ತಾ

ಮಗಳ ಶಾಲೆಯಲ್ಲಿ ತತ್ವಪದದ ಸ್ಪರ್ಧೆ ಇತ್ತು. ಅವಳು ‘ಕೋಡಗನ ಕೋಳಿ ನುಂಗಿತ್ತಾ’ ಹಾಡ್ತೀನಿ ಅಂದಳು. ನನಗೆ ಖುಷಿಯೋ ಖುಷಿ. ಬೇರೆ ಯಾವ ಹಾಡಾಗಿದ್ದರೂ ಹೇಳಿಕೊಡೋದು ನನ್ನ ಕೈಲಿ ಆಗುತ್ತಿರಲಿಲ್ಲ. ಇದನ್ನು ಮಾತ್ರ ನಿದ್ದೆಗಣ್ಣಲ್ಲೂ ಹಾಡಬಲ್ಲೆ. ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಲೇ ಅಭ್ಯಾಸ ಶುರು ಮಾಡಿಸಿದೆ. ಆಡು ಆನೆಯನ್ನು ನುಂಗಿತು. ಗೋಡೆ ಸುಣ್ಣವನ್ನು ನುಂಗಿತು. ಒಳ್ಳು ಒನಕೆಯನ್ನೂ ನುಂಗಿ ಆಯಿತು. ಅಲ್ಲಿಂದ ಮುಂದೆ ನಾನು ‘ಎತ್ತು ಜತ್ತಿಗೆ’ಗೆ ಹೋದೆ, ಅವಳು ‘ಹಗ್ಗ ಮಗ್ಗ’ಕ್ಕೆ ಹೋದಳು.

“ಮಗ್ಗ ಎಲ್ಲಿಂದ ತಂದ್ಯೇ? ಈ ಹಾಡಲ್ಲಿ ಮಗ್ಗ ಇಲ್ಲ.”

“ಇದೆ ಅಮ್ಮಾ.”

“ಇಲ್ಲ ಕಣೇ. ನಿಮ್ಮ ಟೀಚರ್ ಬೇರೆ ಯಾವುದೋ ಹಾಡಿಂದು ಸೇರಿಸಿಬಿಟ್ಟಿದ್ದಾರೆ.”

ಅವಳು ವಾದ ಮಾಡಲಿಲ್ಲ. ಈಗಿನ ಮಕ್ಕಳು ವಾದ ಮಾಡಲ್ಲ, ಫೋನ್ ತೋರಿಸ್ತಾರೆ. ಫೋನಿನಲ್ಲಿ ಮಗ್ಗ ಇತ್ತು. ಲಾಳಿಯೂ ಇತ್ತು. ಮಗ್ಗವನ್ನು ಲಾಳಿ ನುಂಗುತ್ತಿತ್ತು. ನಾನು ಸೌಟು ಹಿಡಿದು ನಿಂತೇ ಇದ್ದೆ, ಹಂಚಿನ ಮೇಲಿನ ದೋಸೆ ಸೀದೇ ಹೋಯಿತು.

ಹರಿಹರದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. “ಒಳ್ಳು ಒನಕೆಯ ನುಂಗಿ ಆದ್ಮೇಲೆ ಏನೇ ಬರೋದು?”

“ಎತ್ತು.”

“ಮಗ್ಗ?”

“ಯಾವ ಮಗ್ಗ?”

ಸ್ವಲ್ಪ ಸಮಾಧಾನ ಆಯ್ತು. ಮರೆವು ನನ್ನೊಬ್ಬಳದಲ್ಲ. ಇಡೀ ಮನೆತನಕ್ಕೇ ಒಂದು ನುಡಿ ಇಲ್ಲ.

ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಶಿಶುನಾಳ ನಮಗೆ ದೂರವೇನಲ್ಲ, ಪಕ್ಕದ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕು. ಅವರ ಪದಗಳು ನೂರು ವರ್ಷ ಬಾಯಿಂದ ಬಾಯಿಗೆ ಹೇಗೋ ನಡೆದು ಬಂದವು. ಆಮೇಲೆ ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಹಾಡಿ ಕ್ಯಾಸೆಟ್ಟಿಗೆ ಹತ್ತಿಸಿದರು, ಊರೂರಿಗೂ ತಲುಪಿದವು. ಅಷ್ಟು ದೂರ ಬಂದ ಹಾಡು ದಾವಣಗೆರೆಯ ನಮ್ಮ ಎರಡು ಕೋಣೆಯ ಮನೆಗೆ ಬಂದು ಒಂದು ನುಡಿ ಕಳಕೊಂಡಿತು. ಕಳೆದದ್ದು ನಮ್ಮ ಅಪ್ಪಾಜಿ.

ಅಪ್ಪಾಜಿ ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು. ಅದು ನಮಗೇನು ಗೊತ್ತು. ಒಂದು ದೀಪಾವಳಿಗೆ ಬೋನಸ್ ಬಂತು, ಮನೆಗೆ ಟೂ ಇನ್ ಒನ್ ಬಂತು. ರೇಡಿಯೋ ಒಂದು ಕಡೆ, ಟೇಪು ಒಂದು ಕಡೆ. ರೇಡಿಯೋ ಮುಳ್ಳು ಭದ್ರಾವತಿಯ ಮೇಲೆ ನಿಂತರೆ ಮತ್ತೆ ಅಲುಗಾಡುತ್ತಿರಲಿಲ್ಲ. ಅವ್ವ ಅದಕ್ಕೆ ಕ್ರೋಶದ ಹೊದಿಕೆ ಹಾಕಿದಳು. ಹಾಡು ಕೇಳಬೇಕಾದರೆ ಹೊದಿಕೆ ತೆಗೆಯಬೇಕು, ಮಡಚಿಡಬೇಕು, ಆಮೇಲೆ ಗುಂಡಿ ಒತ್ತಬೇಕು. ದೇವರ ಮುಂದಿನ ಪರದೆ ಸರಿಸಿದ ಹಾಗೆ.

ಕ್ಯಾಸೆಟ್ ಎಲ್ಲ ಕೊಂಡು ತರುವಷ್ಟು ದುಡ್ಡು ಎಲ್ಲಿಂದ ಬರಬೇಕು? ಖಾಲಿ ಕ್ಯಾಸೆಟ್ ಕೊಟ್ಟು, ಜೊತೆಗೆ ಒಂದು ಚೀಟಿ ಕೊಟ್ಟರೆ, ಅಂಗಡಿಯವರು ಬೇಕಾದ ಹಾಡು ತುಂಬಿಸಿ ಕೊಡುತ್ತಿದ್ದರು. ಎಣ್ಣೆ ತುಂಬಿಸಿದ ಹಾಗೆ ಹಾಡು ತುಂಬಿಸೋದು. ನಮ್ಮ ಶರೀಫರ ಕ್ಯಾಸೆಟ್ ಹಾಗೆ ತುಂಬಿಸಿದ್ದು. ಪತ್ರಿಕೆಯವರು ಇದನ್ನೆಲ್ಲ ‘ಧ್ವನಿಸುರುಳಿ’ ಅಂತ ಬರೆಯುತ್ತಿದ್ದರು. ಎಷ್ಟು ಚಂದದ ಶಬ್ದ. ಆದರೆ ನಮ್ಮ ಓಣಿಯಲ್ಲಿ ಯಾರಾದರೂ “ಅಕ್ಕಾ, ನಿಮ್ಮನೆ ಧ್ವನಿಸುರುಳಿ ಸ್ವಲ್ಪ ಕೊಡ್ರಿ” ಅಂತ ಕೇಳಿದ್ದು ನನಗೆ ನೆನಪಿಲ್ಲ.

ಆ ಟೇಪ್ ರೆಕಾರ್ಡರಿಗೆ ಒಂದು ಚಟ ಇತ್ತು. ಹಸಿವಾದಾಗ ರೀಲು ತಿನ್ನುತ್ತಿತ್ತು. ಹಾಡುತ್ತಾ ಹಾಡುತ್ತಾ ದನಿ ಒಮ್ಮೆಲೇ ಮುಗ್ಗರಿಸುತ್ತದೆ, ಗೊರಗೊರ ಅನ್ನುತ್ತದೆ. ಓಡಿ ಹೋಗಿ ನಿಲ್ಲಿಸಿ ಮುಚ್ಚಳ ತೆಗೆದರೆ, ಕ್ಯಾಸೆಟ್ ಕೈಗೆ ಬಂದರೂ ರೀಲು ಒಳಗೇ ಇರುತ್ತದೆ, ರಬ್ಬರಿನ ಗಾಲಿಗೆ ಸುತ್ತಿಕೊಂಡು. ಅವತ್ತು ನುಂಗಿದ್ದು ನುಂಗುವ ಹಾಡನ್ನೇ. ಅಪ್ಪಾಜಿ ರೀಲನ್ನು ಎಳೆ ಎಳೆಯಾಗಿ ಬಿಡಿಸಿ ಹೊರಗೆ ತೆಗೆದರು. ಜಡೆ ಬಿಚ್ಚಿದ ಕೂದಲಿನಂತೆ ಸುಕ್ಕುಗಟ್ಟಿತ್ತು. “ಕೋಳಿ ಕೋಡಗನ್ನ ನುಂಗಿದ್ರೆ ಪದ ಆಗ್ತೈತೆ. ಟೇಪ್ ರೆಕಾರ್ಡರ್ ರೀಲ್ ನುಂಗಿದ್ರೆ ರೊಕ್ಕ ಹೋಗ್ತೈತೆ ನೋಡು,” ಅಂದರು.

ಆಮೇಲೆ ನಡೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನೆಲಕ್ಕೆ ಹಾಸಿದ ಬಿಳಿ ಪಂಚೆ. ಮೂಲೆಗೊಂದು ಅಂತ ನಾಲ್ಕು ಸ್ಕ್ರೂ, ಕೆಳಗೆ ನಡುವೆ ಇನ್ನೊಂದು. ಮೇಲಿನ ಚಿಪ್ಪು ಎತ್ತಿದರೆ ಒಳಗೆ ಎರಡು ಪುಟ್ಟ ಗಾಲಿ, ತಾಮ್ರದ ತಗಡಿನ ಮೇಲೆ ಮೆಂತ್ಯ ಕಾಳಿನಷ್ಟು ಸಣ್ಣ ಬಟ್ಟೆಯ ದಿಂಬು. ಅಕ್ಕ ಮತ್ತು ನಾನು ಉಸಿರು ಬಿಡುವ ಹಾಗಿಲ್ಲ, ಗಾಲಿ ಹಾರಿ ಹೋಗುತ್ತದೆ. ಸುಕ್ಕಾದ ಭಾಗವನ್ನು ಅಪ್ಪಾಜಿ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದರು. ಎರಡು ತುದಿ ಒಂದಕ್ಕೊಂದು ಮುಟ್ಟಿಸಿ, ಹಿಂದೆ ಗಮ್ ಟೇಪಿನ ಚೂರು ಅಂಟಿಸಿ, ಉಗುರಿನಿಂದ ಉಜ್ಜಿದರು. ಮಿಲ್ಲಿನಲ್ಲಿ ದಿನಕ್ಕೆ ಅದೆಷ್ಟು ಸಲ ಹರಿದ ಎಳೆ ಸೇರಿಸಿದ ಕೈಯೋ. ನಮ್ಮ ಕಣ್ಣಿಗೆ ಬ್ಲೇಡು ಹೋದದ್ದು ಕಂಡಿತು, ಸೇರಿದ ಜಾಗ ಕಾಣಲಿಲ್ಲ. ಕತ್ತರಿಸಿದ ತುಂಡನ್ನು ಅಕ್ಕ ಜಡೆಗೆ ಕಟ್ಟಿಕೊಂಡು ಒಂದು ದಿನ ಮೆರೆದಳು. ಅಂದರೆ ಮಗ್ಗ, ಲಾಳಿ ಎಲ್ಲ ಅವಳ ಜಡೆಯಲ್ಲೇ ಇತ್ತು. ಈಗ ನೋಡಿದರೆ “ಯಾವ ಮಗ್ಗ?” ಅಂತಾಳೆ.

ಮೊನ್ನೆ ಕೂತು ಲೆಕ್ಕ ಹಾಕಿದೆ. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಆ ನುಡಿಗೆ ಅರ್ಧ ನಿಮಿಷ ಅಂದುಕೊಂಡರೆ 1.4 ಮೀಟರಿನಷ್ಟು ರೀಲು. ಒಂದು ರವಿಕೆ ಕಣಕ್ಕಿಂತ ಸ್ವಲ್ಪ ಜಾಸ್ತಿ. ಇನ್ನೊಂದು ವಿಷಯ. ಕ್ಯಾಸೆಟ್ಟಿಗೆ ಎರಡು ಸೈಡ್ ಇದ್ದರೂ ರೀಲು ಒಂದೇ. ಮೇಲಿನ ಅಂಚಿನಲ್ಲೊಂದು ಹಾಡು, ಕೆಳಗಿನ ಅಂಚಿನಲ್ಲಿ ಹಿಂದುಮುಂದಾಗಿ ಇನ್ನೊಂದು ಹಾಡು. ಈ ಕಡೆ ಕತ್ತರಿಸಿದರೆ ಆ ಕಡೆಯೂ ಕತ್ತರಿಸಿದ ಹಾಗೇ. ಬಿ ಸೈಡಿನ ಒಂದು ಹಾಡಿನಲ್ಲಿ ತಬಲ ಎಡವಿದಂತೆ ಒಂದು ಕಡೆ ದಡಕ್ಕನೆ ಮುಂದೆ ಹೋಗುತ್ತಿತ್ತು. ತಬಲದವರಿಗೆ ಅವಸರ ಅಂದುಕೊಂಡಿದ್ದೆ. ಪಾಪ, ಅವರದೇನು ತಪ್ಪು.

ಹೀಗೆ ನೋಡಿದರೆ ನನಗೆ ಇಷ್ಟದ ಹಾಡುಗಳು ಅಂತ ಇರೋದೆಲ್ಲ ಗಾಯವಾದ ಹಾಡುಗಳೇ.

‘ಪ್ರೇಮಲೋಕ’ ಬಂದದ್ದು 1987ರಲ್ಲಿ. ಮಂಡಕ್ಕಿ ಮಿರ್ಚಿ ಅಂಗಡಿ, ಕಟಿಂಗ್ ಶಾಪು, ಜಾತ್ರೆ, ಮದುವೆ, ಎಲ್ಲಿ ಹೋದರೂ ಹಂಸಲೇಖ. ನಮ್ಮನೆಗೆ ಆ ಕ್ಯಾಸೆಟ್ ಬರುವಷ್ಟರಲ್ಲಿ ನಾಲ್ಕು ವರ್ಷ ಕಳೆದು ಹೋಗಿತ್ತು, ಅದೂ ಚಿಕ್ಕಪ್ಪ ಕೇಳಿ ಸಾಕಾಗಿ ಕೊಟ್ಟದ್ದು. ಕ್ಯಾಸೆಟ್ಟಿನ ಹಿಂಬದಿ ಅಂಚಿನಲ್ಲಿ ಎರಡು ಪುಟ್ಟ ಹಲ್ಲು ಇರುತ್ತವಲ್ಲ, ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಯಾರೂ ಮತ್ತೆ ರೆಕಾರ್ಡ್ ಮಾಡೋಕೆ ಆಗಲ್ಲ. ಕೊಂಡು ತಂದ ಕ್ಯಾಸೆಟ್ಟಿಗೆ ಹಲ್ಲು ಇರುವುದಿಲ್ಲ. ಆದರೆ ಆ ತೂತಿಗೆ ಕಾಗದ ತುರುಕಿದರೆ ಮತ್ತೆ ಹಲ್ಲು ಬಂದ ಹಾಗೆ. ಇದನ್ನು ಕಂಡುಹಿಡಿದ ದಿನ ಅಕ್ಕ ಮೈಕಿನ ಮುಂದೆ ಕೂತು ಪ್ರದೇಶ ಸಮಾಚಾರ ಓದಿದಳು. ಓದಿದ್ದು ಸರಿಯಾಗಿ ಒಂದು ವಾಕ್ಯ. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ, “ಹಾಲು ಉಕ್ತೈತೆ, ಒಬ್ರಿಗಾದ್ರೂ ಕಿವಿ ಕೇಳ್ತೈತಾ?” ಅಂದಳು. ಅಕ್ಕ ಗಾಬರಿಯಲ್ಲಿ ಗುಂಡಿ ಬಿಟ್ಟಳು. ಅಂದಿನಿಂದ ಆ ಪ್ರೇಮಗೀತೆಯ ನಡುವೆ ಹೀರೋ ಹೀರೋಯಿನ್ ಜೊತೆಗೆ ಅವ್ವನೂ ಒಬ್ಬಳು. ಇವತ್ತಿಗೂ ಎಲ್ಲಾದರೂ ಆ ಹಾಡು ಬಂದರೆ, ಆ ಜಾಗಕ್ಕೆ ಸರಿಯಾಗಿ ನನಗೆ ಹಾಲಿನ ನೆನಪಾಗುತ್ತದೆ.

‘ನಿತ್ಯೋತ್ಸವ’ ಮಾತ್ರ ನಮ್ಮನೆಯದಲ್ಲ. ಅದು ಹಿಂದಿನ ಮನೆಯ ಮೇಷ್ಟ್ರದು. 1978ರಲ್ಲಿ ಬಂದ ಕ್ಯಾಸೆಟ್, ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡದ ಭಾವಗೀತೆಗಳ ಮೊದಲ ಕ್ಯಾಸೆಟ್ ಅದೇ ಅಂತ ಮೇಷ್ಟ್ರು ಹೇಳುತ್ತಿದ್ದರು. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಗಾಯವೂ ಇಲ್ಲ, ನನ್ನ ಹತ್ತಿರ ಅದರ ಕಥೆಯೂ ಇಲ್ಲ. ಗೋಡೆಯ ಆಚೆಯಿಂದ ಕೇಳಿದ್ದಷ್ಟೇ.

ಚಿತ್ರದುರ್ಗಕ್ಕೆ ಶಾಲೆಯ ಪ್ರವಾಸ ಹೋದದ್ದು ಹೇಳದಿದ್ದರೆ ಆಗದು. ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ದಾರಿ. ಡ್ರೈವರ್ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್, ವಿಷ್ಣುವರ್ಧನ್ ಹಾಡುಗಳದು. ಊರು ಬಿಟ್ಟಾಗ ಎ ಸೈಡ್, ಭರಮಸಾಗರ ಬರುವಾಗ ತಿರುಗಿಸಿದರೆ ಬಿ ಸೈಡ್, ದುರ್ಗ ಬರುವಷ್ಟರಲ್ಲಿ ಮುಗಿಯಿತು. ಅದರಲ್ಲಿ ‘ನಾಗರಹಾವು’ ಚಿತ್ರದ ಓಬವ್ವನ ಹಾಡು ಇತ್ತು, ಪಿ.ಬಿ. ಶ್ರೀನಿವಾಸ್ ಹಾಡಿದ್ದು. 1972ರ ಸಿನಿಮಾ, ಅದರಲ್ಲಿ ಓಬವ್ವ ಆದವರು ಜಯಂತಿ. ಹಾಡು ಕೇಳಿಕೊಂಡೇ ಕೋಟೆ ಹತ್ತಿದೆವು. ಓಬವ್ವನ ಕಿಂಡಿಯ ಮುಂದೆ ನಿಂತು ಎಲ್ಲರೂ ಹೈದರಾಲಿಯ ಸೈನಿಕರು ಇಷ್ಟು ಸಣ್ಣ ತೂತಲ್ಲಿ ಹೇಗೆ ನುಸುಳಿದರು ಅಂತ ಮಾತಾಡುತ್ತಿದ್ದರೆ, ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ. ಓಬವ್ವನ ಒನಕೆ ಈಗ ಎಲ್ಲಿದೆ? ಉತ್ತರವೂ ನನಗೆ ಗೊತ್ತಿತ್ತು. ಒಳ್ಳು ನುಂಗಿದೆ. ಶರೀಫರೇ ಹೇಳಿದ್ದಾರಲ್ಲ. ಇದನ್ನು ಟೀಚರ್ ಹತ್ತಿರ ಹೇಳಿ, ಬಸ್ಸಿನಲ್ಲಿ ವಾಪಸ್ ಬರೋವರೆಗೂ ಎಲ್ಲರ ಕೈಲಿ ನಗಿಸಿಕೊಂಡೆ.

ಕರೆಂಟ್ ಹೋದಾಗಿನ ಹಾಡುಗಳೂ ಬೇರೆಯೇ. ಸೆಲ್ ಹಾಕಿ ಕೇಳಬೇಕು. ಸೆಲ್ ವೀಕಾದ ಹಾಗೆ ಅಶ್ವಥ್ ದನಿ ದಪ್ಪವಾಗುತ್ತಾ, ತಾಳ ಎಳೆಯುತ್ತಾ, ಕೊನೆಗೆ ಎಮ್ಮೆ ಮೆಲುಕು ಹಾಕಿದಂತೆ ಆಗುತ್ತಿತ್ತು. ಸೆಲ್ ತೆಗೆದು ತಾರಸಿಯಲ್ಲಿ ಹಪ್ಪಳದ ಪಕ್ಕ ಬಿಸಿಲಿಗೆ ಇಡೋದು. ಸಂಜೆಗೆ ಅಶ್ವಥ್ ಚೇತರಿಸಿಕೊಳ್ಳುತ್ತಿದ್ದರು, ಒಂದೆರಡು ಹಾಡಿನ ಮಟ್ಟಿಗೆ.

ಇನ್ನೊಂದು ಸಣ್ಣ ವಿಷಯ, ಇದು ಎಷ್ಟು ಜನಕ್ಕೆ ನೆನಪಿದೆಯೋ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ನಾಲ್ಕೈದು ಸೆಕೆಂಡ್ ಮೌನ ಇರುತ್ತದಲ್ಲ, ಆ ಮೌನದಲ್ಲಿ ಕಿವಿಗೊಟ್ಟು ಕೇಳಿದರೆ ಮುಂದಿನ ಹಾಡಿನ ಮೊದಲ ಸೊಲ್ಲು ದೂರದ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಆಮೇಲೆ ಅದೇ ಸೊಲ್ಲು ಜೋರಾಗಿ ಬರುತ್ತಿತ್ತು. ನನಗೆ ಭಯ ಆಗುತ್ತಿತ್ತು, ಟೇಪಿನೊಳಗೆ ಯಾರೋ ಕೂತು ಮುಂಚೆಯೇ ಪಿಸುಗುಟ್ಟುತ್ತಾರೆ ಅಂತ. ದೆವ್ವ ಇರಲಿಲ್ಲ. ರೀಲು ಸುರುಳಿ ಸುತ್ತಿ ವರ್ಷಗಟ್ಟಲೆ ಇದ್ದರೆ ಒಂದು ಸುತ್ತಿನ ಅಯಸ್ಕಾಂತದ ಗುರುತು ಪಕ್ಕದ ಸುತ್ತಿಗೆ ಹತ್ತುತ್ತದಂತೆ. ಹೊಸ ಸೀರೆಯ ಬಣ್ಣ ಪಕ್ಕದ ಸೀರೆಗೆ ಹತ್ತಿದ ಹಾಗೆ. ಫೋನಿನಲ್ಲಿ ಈ ಪಿಸುಮಾತು ಇಲ್ಲ. ಹಾಡು ಯಾವ ಮುನ್ಸೂಚನೆಯೂ ಇಲ್ಲದೆ ಬಂದು ಎದುರಿಗೆ ನಿಲ್ಲುತ್ತದೆ. ಮುಂದಿನ ಹಾಡು ಯಾವುದು ಅಂತ ಫೋನಿಗೇ ಗೊತ್ತಿರುವ ಹಾಗೆ ಕಾಣಲ್ಲ.

ಸಂಜೆ ಅಪ್ಪಾಜಿ ಹತ್ತಿರ ಹೋದೆ. ಈಗ ಎಂಬತ್ತರ ಹತ್ತಿರ. ಜಗಲಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಹಾಡಿನ ಒಂದು ನುಡಿ ನೀವೇ ಕತ್ತರಿಸಿದ್ದು, ಮೂವತ್ತು ವರ್ಷ ನಾವು ತಪ್ಪು ಹಾಡಿದ್ವಿ ಅಂತ ಜಗಳ ತೆಗೆದೆ. ಮೊಮ್ಮಗಳು ಫೋನಿನಲ್ಲಿ ಆ ನುಡಿ ಕೇಳಿಸಿದಳು. ಮಂಡಕ್ಕಿ ಅಗಿಯೋದು ನಿಲ್ಲಿಸಿ ಕೇಳಿದರು. ಮಗ್ಗವನ್ನು ಲಾಳಿ ನುಂಗಿತು ಅನ್ನುವಲ್ಲಿ ನಕ್ಕರು.

“ಮಗ್ಗಾನ ಲಾಳಿ ನುಂಗ್ಲಿಲ್ಲ ನೋಡವ್ವಾ. ಗುಜರಿ ಲಾರಿ ನುಂಗ್ತು. ಮಿಲ್ ಮುಚ್ಚಿದ ಮ್ಯಾಲೆ ಗೇಟಿನ ಹತ್ರ ನಿಂತು ನೋಡೀನಿ. ಹನ್ನೊಂದು ಲಾರಿ.”

ಮತ್ತೆ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಆಮೇಲೆ ನೆನಪಾದವರಂತೆ, “ಜೋಡಿಸಿದ್ದು ಗೊತ್ತಾಗ್ತಿತ್ತಾ?” ಅಂದರು.

“ಇಲ್ಲಪ್ಪಾ.”

“ಮತ್ತೆ?” ಅಂದರು. ಅಲ್ಲಿಗೆ ಜಗಳ ಮುಗಿಯಿತು.

ಸ್ಪರ್ಧೆಯ ದಿನ ಹರಿಹರದಿಂದ ಅಕ್ಕನೂ ಬಂದಳು. ಇಬ್ಬರೂ ಎರಡನೇ ಸಾಲಿನಲ್ಲಿ ಕೂತೆವು. ಮಗಳು ಚೆನ್ನಾಗಿಯೇ ಶುರು ಮಾಡಿದಳು. ನಾವು ಸುಮ್ನೆ ಕೂತಿದ್ದರೆ ಆಗುತ್ತಿತ್ತು. ಆದರೆ ಹಾಡು ಶುರುವಾದ ಮೇಲೆ ಬಾಯಿ ಎಲ್ಲಿ ಕೇಳುತ್ತೆ? ನಾವೂ ಮೆಲ್ಲಗೆ ಗುನುಗುತ್ತಿದ್ದೆವು. ಒಳ್ಳು ಒನಕೆಯನ್ನು ನುಂಗಿತು. ವೇದಿಕೆಯ ಮೇಲೆ ಅವಳು ಹಗ್ಗ ಹಿಡಿದಳು, ಕೆಳಗೆ ನಾವಿಬ್ಬರು ಒಟ್ಟಿಗೇ ಎತ್ತು ಹಿಡಿದೆವು. ಸ್ವಲ್ಪ ಜೋರಾಗಿಯೇ. ತೀರ್ಪುಗಾರರು ತಿರುಗಿ ನೋಡಿದರು. ಮಗಳು ಹಾಡು ನಿಲ್ಲಿಸದೆ, ಅಲ್ಲಿಂದಲೇ ನಮ್ಮನ್ನು ನುಂಗುವ ಹಾಗೆ ನೋಡಿದಳು.