ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಸಿಡಿಯುತ್ತದೆಯೇ? ಸತ್ಯಾಂಶ

ಬಿಸಿಲು ಏರಿತೆಂದರೆ ವಾಟ್ಸಾಪ್‌ನಲ್ಲಿ ಅದೇ ಸಂದೇಶ: ಟ್ಯಾಂಕ್ ಪೂರ್ತಿ ತುಂಬಿಸಿದರೆ ಸಿಡಿಯುತ್ತದೆ, ಅರ್ಧ ಸಾಕು. ಇದು ನಿಜವಲ್ಲ. ಪೆಟ್ರೋಲಾಗಲಿ ಡೀಸೆಲಾಗಲಿ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗೂ ಮಿಕ್ಕಿದ ಶಾಖ ಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡ ಸುಡುಬಿಸಿಲೇ 39.2 ಡಿಗ್ರಿ. ಇಂಧನ ಬಿಸಿಗೆ ಹಿಗ್ಗುವುದು ನಿಜ, ಅದಕ್ಕೆಂದೇ ತಯಾರಕರು ಟ್ಯಾಂಕಿನೊಳಗೆ ಜಾಗ ಬಿಟ್ಟಿರುತ್ತಾರೆ. ಬಂಕ್‌ನಲ್ಲಿ ನಾಝಲ್ ತಾನೇ ನಿಂತ ಮೇಲೆ ಮತ್ತೆ ಒತ್ತಿ ಹಾಕಿಸದಿದ್ದರಾಯಿತು.

ಪಿಕಪ್ ಓಡಿಸುವವರು ಹೆದರಬೇಕಾದ್ದು ಬೇರೆಯದಕ್ಕೆ: ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿ ಕೂರಿಸಿದ ಹೆಚ್ಚುವರಿ ಟ್ಯಾಂಕ್. ಸೋರುವ ಬೆಸುಗೆ, ಆವಿ ಹೊರಹೋಗಲು ಕೊಳವೆಯಿಲ್ಲದ ಮುಚ್ಚಳ, ಇವು ನಿಜವಾದ ಅಪಾಯ. ಆರ್‌ಟಿಓ ಒಪ್ಪಿಗೆಯಿಲ್ಲದೆ ಅದನ್ನು ಹಾಕಿಸಲೂಬೇಡಿ.

ಸಂದೇಶ ಕಳಿಸಿದವರದು ಕಾಳಜಿಯೇ. ಆದರೂ ಅದರಲ್ಲಿ ದಿನಾಂಕವಿದೆಯೇ, ಮೂಲ ಪ್ರಕಟಣೆಯ ಲಿಂಕ್ ಇದೆಯೇ ನೋಡಿ. ನಿಮ್ಮ ವಾಹನದ ಕೈಪಿಡಿಯಲ್ಲಿ ಇಂಧನದ ಪುಟ ತೆರೆದು ಓದಿ.